ಶಿಲಾರೋಹಿ

ಪುತ್ತೂರು, ಸುಳ್ಯ, ಕಡಬ ಎಂಬ ಮೂರು ತಾಲೂಕುಗಳ ಅಡಕೆತೋಟದ ಸೀಮೆಯಲ್ಲಿ ಗ್ರಾಮಕ್ಕೊಬ್ಬರಂತೆ ಶಬ್ದಪ್ರಿಯರಾದ ಹಿರಿಯರಿರುವುದು ಸರ್ವವಿದಿತ. ಅವರು ಮಾಸ್ತರಿಕೆಯಿಂದ ನಿವೃತ್ತರಾದವರಿರಬಹುದು. ಅಥವಾ ತಾಳಮದ್ದಳೆಯಲ್ಲಿ ಕೃಷ್ಣನ ಅರ್ಥ ಹೇಳಿ ಹೇಳಿ ಕಂಠ ಕುಂದಿದ ತರುವಾಯ ಉಳಿದ ವಾಗ್ವೈಖರಿಯನ್ನು ಮನೆಮಂದಿಯ ಮೇಲೆ ಪ್ರಯೋಗಿಸುತ್ತಿರುವವರಿರಬಹುದು. ಜಗಲಿಯ ಆರಾಮಕುರ್ಚಿಯ ಬಲಕ್ಕೆ 1894ರ ಕಿಟೆಲ್ ನಿಘಂಟಿನ ಮರುಮುದ್ರಣ, ಎಡಕ್ಕೆ ಎಲೆಯಡಕೆಯ ಹರಿವಾಣ, ನಡುವೆ ಅವರು. ಹೆಸರು ಹೇಳುವ ಅಗತ್ಯವಿಲ್ಲ, ನಿಮ್ಮೂರಿನವರನ್ನೇ ಕೂರಿಸಿಕೊಳ್ಳಬಹುದು.

ಇಂತಹ ಮಹನೀಯರೊಬ್ಬರ ಮೊಮ್ಮಗನು ಕುಮಾರಪರ್ವತಕ್ಕೆಂದು ಬೆಂಗಳೂರಿನಿಂದ ಬಂದವನು, ಬಾದಾಮಿಯ ಕಡಿದಾದ ಬಂಡೆಗಳನ್ನು ಏರುವ ತನ್ನ ಸಂಗಡಿಗನೊಬ್ಬನ ಸಾಹಸವನ್ನು ವರ್ಣಿಸಿ, ಅಂಥವನಿಗೆ ಕನ್ನಡದಲ್ಲಿ ಏನೆನ್ನುವರೆಂದು ಕೇಳಿಬಿಟ್ಟ. ಪರ್ವತಾರೋಹಿ ಎಂದು ಒಳಗಿನಿಂದ ಸೊಸೆ ಉತ್ತರಿಸಿದಳು. ಅಜ್ಜನಿಗೆ ಅದು ಸಮ್ಮತವಾಗಲಿಲ್ಲ. 1712 ಮೀಟರು ಎತ್ತರದ ಕುಮಾರಪರ್ವತವನ್ನು, ದಾರಿಯ ಗಿರಿಗದ್ದೆಯಲ್ಲಿ ಭಟ್ಟರ ಮನೆಯ ಅನ್ನಸಾರನ್ನೇ ನೆಚ್ಚಿಕೊಂಡು ಏದುಸಿರು ಬಿಡುತ್ತ ಹತ್ತುವವನೂ ಪರ್ವತಾರೋಹಿ, ಕೆಂಪು ಮರಳುಗಲ್ಲಿನ ಲಂಬಭಿತ್ತಿಯ ಬಿರುಕಿಗೆ ಬೆರಳ ತುದಿಯನ್ನು ಸಿಕ್ಕಿಸಿ ಸರ್ವಾಂಗಭಾರವನ್ನೂ ಮೇಲಕ್ಕೆತ್ತುವವನೂ ಪರ್ವತಾರೋಹಿ ಎಂದಾದರೆ ಭಾಷೆಗೆ ವಿವೇಕವೆಲ್ಲಿ ಉಳಿಯಿತು ಎಂಬುದು ಅವರ ಪೂರ್ವಪಕ್ಷ. ನ್ಯಾಯವಾದ ಮಾತೇ.

ಅಂದಿನಿಂದ ಶೋಧ ಮೊದಲಾಯಿತು. ಅಮರಕೋಶದಲ್ಲಿ ಆನೆಯನ್ನೇರಿದವನಿಗೆ ಹಸ್ತ್ಯಾರೋಹನೆಂದೂ ಕುದುರೆಯನ್ನೇರಿದವನಿಗೆ ಅಶ್ವಾರೋಹನೆಂದೂ ಪದ ಸಿಕ್ಕಿತೇ ಹೊರತು ಬಂಡೆಯನ್ನೇರಿದವನ ಸುಳಿವು ಅವರ ಕನ್ನಡಕಕ್ಕೆ ಬೀಳಲಿಲ್ಲ. ಬಂಡೆಯೇರುವುದರಲ್ಲಿ ನಿಪುಣಳಾದ ಸ್ತ್ರೀಯನ್ನು ವರಾರೋಹೆ ಎನ್ನಬಹುದೆಂದು ಒಂದು ಸಾಯಂಕಾಲ ಉತ್ಸಾಹದಿಂದ ಘೋಷಿಸಿದರಾದರೂ, ಆ ಪದವು ನಿತಂಬಸೌಂದರ್ಯದ ಪ್ರಶಂಸೆಯೆಂಬುದು ವ್ಯಾಖ್ಯಾನದಲ್ಲಿ ಕಣ್ಣಿಗೆ ಬಿದ್ದೊಡನೆ, ಕೆಮ್ಮಿ, ಪುಟ ಮಗುಚಿ, ಮಳೆಯ ವಿಷಯವನ್ನು ಎತ್ತಿದರು. ಪುತ್ತೂರಿನಲ್ಲಿಯೇ ದಶಕಗಟ್ಟಲೆ ನೆಲಸಿ, ಕುಮಾರಪರ್ವತದ ತಪ್ಪಲಿನ ಬಾಳನ್ನೇ ‘ಬೆಟ್ಟದ ಜೀವ’ವಾಗಿಸಿದ ಶಿವರಾಮ ಕಾರಂತರು ‘ಸಿರಿಗನ್ನಡ ಅರ್ಥಕೋಶ’ವನ್ನೂ ರಚಿಸಿದವರಷ್ಟೆ, ಅದನ್ನೂ ತಿರುವಿ ಹಾಕಿದ್ದಾಯಿತು.

ಕಡೆಗೆ ಶಿಲಾರೋಹಿ ಎಂಬ ಶಬ್ದವು ಅವರ ಟಿಪ್ಪಣಿಪುಸ್ತಕದಲ್ಲಿ ಅವತರಿಸಿತು. ಅರ್ಥ: ಹಗ್ಗವು ಸೊಂಟದಲ್ಲಿದ್ದರೂ ಬಿದ್ದರೆ ತಡೆಯಲೆಂದೇ ಹೊರತು ಏರಲೆಂದಲ್ಲದೆ, ಕೈಕಾಲುಗಳ ಕೌಶಲದಿಂದಲೇ ಬಂಡೆಯನ್ನೇರುವ ನಿಪುಣ. ಪ್ರಯೋಗ: ಚಿತ್ರದುರ್ಗದ ಕೋಟೆಗೋಡೆಯನ್ನು ಬರಿಗೈಯಲ್ಲಿ ಏರುವ ಜ್ಯೋತಿರಾಜರು ಶಿಲಾರೋಹಿಗಳು. ಅವರನ್ನು ಜನ ಕೋತಿರಾಜ ಎಂದೇ ಕೊಂಡಾಡುತ್ತಾರೆಂದು ಸೊಸೆ ಸೂಚಿಸಿದಳು. ಲೋಕದ ಕಿವಿಗೆ ಸಂಸ್ಕಾರವಿಲ್ಲವೆಂದು ಇವರು ನಿಟ್ಟುಸಿರಿಟ್ಟರು. ಮಂಡಿನೋವಿನ ದೆಸೆಯಿಂದ ಅಟ್ಟದ ಏಣಿಯ ಮೊದಲ ಮೆಟ್ಟಿಲನ್ನೂ ಏರಲಾರದವರು, ಬಂಡೆಯ ಯಾವ ಬಿರುಕಿಗೆ ಯಾವ ಬೆರಳೆಂಬುದನ್ನು ಅಂಚೆಯವನಿಗೆ, ಹಾಲಿನವನಿಗೆ, ಸೊಸೈಟಿಯ ಗುಮಾಸ್ತನಿಗೆ ಬೋಧಿಸತೊಡಗಿದರು.

ಇಷ್ಟರಲ್ಲಿ ಆಷಾಢ ಬಂತು. ಅಡಕೆಗೆ ಮಹಾಳಿಯೆಂಬ ಕೊಳೆರೋಗದ ಭಯ, ಬೇಸಗೆಯ ಕೊನೆಗೆ ಬಿಟ್ಟ ಮದ್ದಿನ ಅವಧಿ ಮುಗಿದಿದೆ, ಮೈಲುತುತ್ತು ಕರಗಿದೆ, ಸುಣ್ಣ ನೆನೆದಿದೆ, ಮಳೆ ಒಂದು ಹೊತ್ತು ಬಿಟ್ಟಿದೆ. ಆ ಒಂದು ಹೊತ್ತಿನಲ್ಲಿ ಮೂರು ತಾಲೂಕಿನ ತೋಟದವರೆಲ್ಲರೂ ಮರ ಹತ್ತುವ ಬೆರಳೆಣಿಕೆಯ ಜನಕ್ಕೆ ಏಕಕಾಲದಲ್ಲಿ ದೂರವಾಣಿ ಮಾಡುತ್ತಾರೆ. ನಮ್ಮ ಮಹನೀಯರ ಶಬ್ದಸಂಪತ್ತು ಆಗ ಮೂರೇ ಮಾತಿಗೆ ಇಳಿಯಿತು: “ನಾಳೆ ಒಂದು ಬರ್ತೀರೋ?”

ಆತ ಬಂದ. ಕಾಲಿಗೆ ತಳೆ ಸಿಕ್ಕಿಸಿ, ಪಾಚಿಗಟ್ಟಿ ಜಾರುವ ಕಾಂಡವನ್ನು ಎರಡು ಅಂಗಾಲುಗಳ ನಡುವೆ ಒತ್ತಿ ಹಿಡಿದು, ಮೈಯನ್ನು ಮಡಚಿ ಬಿಚ್ಚುತ್ತ ಐವತ್ತು ಅಡಿಯ ತಲೆಯನ್ನು ಮುಟ್ಟಿದ. ಗೊನೆಗಳಿಗೆ ಮದ್ದು ಹಾರಿಸಿದ. ಕೆಳಗಿಳಿಯುವ ಗೋಜಿಗೆ ಹೋಗದೆ ಮರವನ್ನೇ ತೂಗಿ, ಪಕ್ಕದ ಮರ ಕೈಗೆಟುಕಿದೊಡನೆ ಅತ್ತ ದಾಟಿಕೊಂಡ. ಕೆಳಗೆ ಕೊಡೆ ಹಿಡಿದು ನಿಂತಿದ್ದ ಯಜಮಾನರಿಗೆ ರೋಮಾಂಚವಾಗಿ, ತಮ್ಮ ಪರಿಭಾಷೆಯ ಕಟ್ಟುನಿಟ್ಟನ್ನೆಲ್ಲ ಮರೆತು, “ನೀನೇ ನಿಜವಾದ ಶಿಲಾರೋಹಿ!” ಎಂದು ಕೂಗಿದರು. ಮೇಲಿನಿಂದ, “ಹಾಗೆಂದರೇನು?” ಎಂಬ ಪ್ರಶ್ನೆ ಬಂತು. ಇವರು ಬಾದಾಮಿಯಿಂದಾರಂಭಿಸಿ ಸವಿಸ್ತರವಾಗಿ ವಿವರಿಸುತ್ತಿದ್ದಂತೆ ಆತ ಏಳೆಂಟು ಮರ ಮುಗಿಸಿ, “ಬಂಡೆ ಹತ್ತಿದರೆ ಮೇಲೆ ಏನು ಸಿಗುತ್ತದೆ?” ಎಂದ. ಏನೂ ಇಲ್ಲವೆಂದು ತಿಳಿದು ಅವನಿಗೆ ಬಹಳ ಮರುಕವಾಯಿತು.

ಶಬ್ದ ಮಾತ್ರ ವ್ಯರ್ಥವಾಗಲಿಲ್ಲ. ಮರುದಿನ ಮತ್ತೊಂದು ತೋಟದವರು, ನಿನ್ನೆ ಎಲ್ಲಿದ್ದೆಯೆಂದು ಗದರಿದಾಗ ಆತ, “ಶಿಲಾರೋಹಿಗಳ ಮನೆಯಲ್ಲಿ” ಎಂದನಂತೆ. ಅದು ಅಂಚೆಯವನಿಗೆ ತಲುಪಿ, ಸೊಸೈಟಿಗೆ ತಲುಪಿ, ಕಳೆದ ವಾರ ತಾಳಮದ್ದಳೆಯ ಆಮಂತ್ರಣದ ಕಾಗದದ ಮೇಲೆ ಬರಹರೂಪದಲ್ಲಿ ಅವರ ಜಗಲಿಗೇ ಬಂದಿತು. ಅವರು ಶಾಸ್ತ್ರ ಬಲ್ಲವರಾದುದರಿಂದ ಕೋಪಿಸಿಕೊಳ್ಳಲಿಲ್ಲ. ಟಿಪ್ಪಣಿಪುಸ್ತಕವನ್ನು ತರಿಸಿ, ಮೊದಲಿನದು ಯೌಗಿಕಾರ್ಥವೆಂದು ಗುರುತಿಸಿ, ಅದರ ಕೆಳಗೆ ರೂಢಾರ್ಥವೆಂದು ಬರೆದು ತಮ್ಮ ಮನೆಯ ವಿಳಾಸವನ್ನು ಸೇರಿಸಿದರು.