ಡೈರೆಕ್ಟ್ ಕೊಡಣ್ಣಾ

ನಮ್ಮ ಕೋಲಾರ ಸೀಮೆಯಲ್ಲಿ ಎಲ್ಲ ಕಾಯಿಲೆಗೂ ಒಂದೇ ಮದ್ದು: ಡೈರೆಕ್ಟ್. ಫ್ಯೂಸ್ ಹೋದರೆ ತಾಮ್ರದ ತಂತಿ ಸುತ್ತಿ ಡೈರೆಕ್ಟ್. ಸ್ಟಾರ್ಟರಿನ ರಿಲೇ ಪದೇ ಪದೇ ಟ್ರಿಪ್ ಆದರೆ ರಿಲೇ ತಪ್ಪಿಸಿ ಡೈರೆಕ್ಟ್. ಸಾವಿರ ಅಡಿ ದಾಟಿದ ಬೋರ್‌ವೆಲ್ಲಿನಲ್ಲಿ ಮೋಟಾರು ಸುಟ್ಟಾಗ ಬೈಗುಳ ಮಾತ್ರ ಕರೆಂಟಿನವರಿಗೆ.

ಈಗ ಈ ವೈದ್ಯ ಲಿಥಿಯಂ ಸೆಲ್ಲಿಗೂ ಬಂದಿದೆ. ಶ್ರೀನಿವಾಸಪುರದಲ್ಲಿ ಮಾವಿನ ತೋಪು ಕಾಯುವವರು, ಮುಳಬಾಗಿಲಲ್ಲಿ ರಾತ್ರಿ ತ್ರೀಫೇಸ್ ಕರೆಂಟ್ ಬಂತೆಂದು ಟೊಮೆಟೊ ತೋಟಕ್ಕೆ ಓಡುವವರು ಹಿಡಿಯುವ ಟಾರ್ಚಿನೊಳಗೆ 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದದ ಸೆಲ್ ಇರುತ್ತದೆ. ಮೇಲೆ 9,900 ಎಂಎಎಚ್ ಎಂದು ಅಚ್ಚು. ಈ ಅಳತೆಯ ಒಳ್ಳೆಯ ಸೆಲ್ಲಿಗೆ 3,500 ಮುಟ್ಟುವುದೇ ದೊಡ್ಡದು. ಉಳಿದದ್ದು ಚುನಾವಣಾ ಪ್ರಣಾಳಿಕೆ.

ಕೆಲವು ಸೆಲ್ಲಿನ ಬುಡದಲ್ಲಿ ನಾಲ್ಕಾಣೆ ಬಿಲ್ಲೆಯಷ್ಟಗಲದ ಬೋರ್ಡ್ ಕೂತಿರುತ್ತದೆ. ಚಾರ್ಜು 4.3 ವೋಲ್ಟ್ ಸಮೀಪಿಸಿದರೆ ಕಟ್, 2.5ರ ಆಸುಪಾಸಿಗೆ ಇಳಿದರೆ ಕಟ್, ಶಾರ್ಟ್ ಆದರೂ ಕಟ್. ಕೊಟ್ಟ ಕೆಲಸವನ್ನು ಲಂಚವಿಲ್ಲದೆ ಮಾಡುತ್ತದಲ್ಲ, ಅದೇ ಅದರ ತಪ್ಪು. ನಡುರಾತ್ರಿ ಬದುವಿನ ಮೇಲೆ ಟಾರ್ಚ್ ಆರುತ್ತದೆ. ಬೆಳಿಗ್ಗೆ ರಿಪೇರಿ ಅಂಗಡಿಯಲ್ಲಿ ಪಂಚಾಯ್ತಿ.

“ಸಡನ್ನಾಗಿ ಆಫ್ ಆಗೋಗ್ತದಣ್ಣಾ.”

“ಬೋರ್ಡು ತೊಂದ್ರೆ. ಕಿತ್ತಾಕಿ ಡೈರೆಕ್ಟ್ ಕೊಟ್ಬಿಡ್ತೀನಿ.”

ಮೆಕ್ಯಾನಿಕ್ ಬ್ಲೇಡಿನಿಂದ ನೀಲಿ ಸಿಪ್ಪೆ ಸೀಳಿ, ಪಕ್ಕದ ನಿಕ್ಕಲ್ ಪಟ್ಟಿ ಕತ್ತರಿಸಿ, ಬೋರ್ಡನ್ನು ಎಬ್ಬಿ ತೆಗೆದು, ಸೋಲ್ಡರಿಂಗ್ ಐರನ್ನನ್ನು ನೇರ ಸೆಲ್ಲಿನ ಬುಡಕ್ಕೇ ಒತ್ತುತ್ತಾನೆ. ಒಳಗಿನ ಪ್ಲಾಸ್ಟಿಕ್ ಪದರ ಸುಮಾರು 130 ಡಿಗ್ರಿಗೆ ಕರಗುತ್ತದೆ. ಐರನ್ 300 ದಾಟಿರುತ್ತದೆ. ಪರವಾಗಿಲ್ಲ, ಟಾರ್ಚ್ ಹತ್ತಿತು. ಮೊದಲಿಗಿಂತ ಹತ್ತು ನಿಮಿಷ ಜಾಸ್ತಿಯೇ ಉರಿಯಿತು. ಆ ಹತ್ತು ನಿಮಿಷದಲ್ಲಿ ಸೆಲ್ ಪೂರಾ ಬಸಿದುಹೋದರೆ ಒಳಗಿನ ತಾಮ್ರದ ಹಾಳೆ ಕರಗತೊಡಗುತ್ತದೆ, ಮತ್ತೆ ಚಾರ್ಜಿಗೆ ಹಾಕಿದಾಗ ತನಗೆ ಬೇಕಾದ ಕಡೆ ಕೂರುತ್ತದೆ. ಹೀಗೆ ಒಂದು ದಿನ ಸೆಲ್ ಒಳಗೊಳಗೇ ತನ್ನನ್ನು ತಾನು ಡೈರೆಕ್ಟ್ ಮಾಡಿಕೊಳ್ಳುತ್ತದೆ. ಮೆಕ್ಯಾನಿಕ್ಕನ ಕೂಲಿಯೂ ಉಳಿಯಿತು.

ಸರ್ಕಾರ ಸುಮ್ಮನೆ ಕೂತಿಲ್ಲ. 2022ರಲ್ಲಿ ಎಲೆಕ್ಟ್ರಿಕ್ ಸ್ಕೂಟರುಗಳು ಬೀದಿಯಲ್ಲಿ ಹೊತ್ತಿ ಉರಿದ ಮೇಲೆ ಅವುಗಳ ಬ್ಯಾಟರಿ ಸುರಕ್ಷತೆಯ ಎಐಎಸ್-156 ನಿಯಮ ಬಿಗಿ ಮಾಡಿ, ಆ ಡಿಸೆಂಬರಿನಿಂದ ಒಂದು ಕಂತು, 2023ರ ಮಾರ್ಚ್ ಕೊನೆಯಿಂದ ಇನ್ನೊಂದು ಕಂತು ಜಾರಿಗೆ ತಂದಿತು. ನಿಯಮ ಕಾರ್ಖಾನೆಯ ಗೇಟಿನವರೆಗೆ ಚೆನ್ನಾಗಿಯೇ ನಡೆದು ಬರುತ್ತದೆ. ಗೇಟಿನಾಚೆ ನಮ್ಮ ಅಣ್ಣ ಐರನ್ ಕಾಯಿಸಿಕೊಂಡು ಕೂತಿರುತ್ತಾನೆ. ಇದೇ ಜಿಲ್ಲೆಯ ನರಸಾಪುರದಲ್ಲಿ, 2023ರಲ್ಲಿ ವಿಸ್ಟ್ರಾನ್‌ನಿಂದ ಟಾಟಾ ಕೈಗೆ ಬಂದ ಕಾರ್ಖಾನೆಯಲ್ಲಿ, ಐಫೋನ್ ಜೋಡಿಸುತ್ತಾರೆ. ಅದರ ಬ್ಯಾಟರಿಗೂ ಕಾವಲು ಬೋರ್ಡ್ ಇದ್ದೇ ಇರುತ್ತದೆ. ಶಿಫ್ಟ್ ಮುಗಿಸಿ ಮಾಲೂರಿನಲ್ಲಿ ಕಂಪನಿ ಬಸ್ಸಿಳಿದ ಹುಡುಗನೂ ಪವರ್ ಬ್ಯಾಂಕ್ ಚಾಚಿ ಕೇಳುವುದು ಅದನ್ನೇ: “ಡೈರೆಕ್ಟ್ ಆಗ್ತದಾ ಅಣ್ಣಾ?”

ಕಿತ್ತ ಬೋರ್ಡುಗಳೆಲ್ಲ ಅಂಗಡಿಯ ಹಾರ್ಲಿಕ್ಸ್ ಬಾಟಲಿಯಲ್ಲಿವೆ. ಏನು ಮಾಡುತ್ತೀಯಪ್ಪ ಎಂದು ಕೇಳಿದೆ.

“ಬೆಂಗಳೂರ ಕಡೆಯೋರು ಸೇಫ್ಟಿ ಬೇಕು ಅಂತಾರೆ ಸಾರ್, ಅವರ ಸೆಲ್ಲಿಗೆ ಹಾಕ್ಕೊಡ್ತೀನಿ. ಕೀಳಕ್ಕೆ ಐವತ್ತು, ಹಾಕಕ್ಕೆ ನೂರು.”