ಬಾಗಿಲಾಚೆ ನಿಂತು ಪೂಜೆ ಕೇಳುವ ಅಣ್ಣಂದಿರಿಗೆ

ಮಾನ್ಯ ಅಣ್ಣಂದಿರೇ,

ಒಳಗೆ ಬೆಂಚುಗಳು ಖಾಲಿ ಬಿದ್ದಿದ್ದರೂ ಹೊರಗೆ ಚಪ್ಪಲಿ ರಾಶಿಯ ಪಕ್ಕ, ಬೈಕಿನ ಸೀಟಿಗೆ ಒರಗಿಕೊಂಡು, ಭಾನುವಾರ ತಪ್ಪದೆ ಬಲಿಪೂಜೆ ಕೇಳುವ ನಿಮ್ಮ ನಿಷ್ಠೆ ದೊಡ್ಡದು. ಅದನ್ನು ಇಲ್ಲಿಯ ತನಕ ಯಾರೂ ಬಾಯಿಬಿಟ್ಟು ಹೊಗಳಿಲ್ಲ. ಆ ಕೊರತೆ ನೀಗಲೆಂದೇ ಈ ಪತ್ರ.

ದಿಲ್‌ಸುಖ್‌ನಗರದ ನಮ್ಮ ಚರ್ಚಿನ ನೋಟಿಸ್ ಬೋರ್ಡಿನಲ್ಲಿ ಸೇವಾ ಸಂಘಗಳ ಪಟ್ಟಿ ಅಂಟಿಸಿದ್ದಾರೆ, ನೋಡಿರುತ್ತೀರಿ. ಅದರ ನೆರಳಲ್ಲೇ ಅಲ್ಲವೇ ನೀವು ನಿಲ್ಲುವುದು! ವಾಚಕರು, ಗಾಯನವೃಂದ, ಪೀಠಬಾಲಕರು, ಜ್ಞಾನೋಪದೇಶದ ಟೀಚರುಗಳು, ಲೀಜನ್ ಆಫ್ ಮೇರಿ, ವಿನ್ಸೆಂಟ್ ದೆ ಪೌಲ್ ಸಭೆ, ಮಹಿಳಾ ಸಂಘ, ಇನ್ನೂ ಏನೇನೋ. ನಿಮ್ಮ ಸಂಘದ ಹೆಸರು ಮಾತ್ರ ಅಲ್ಲಿಲ್ಲ. ಇದು ಅನ್ಯಾಯ. ಸದಸ್ಯರ ಲೆಕ್ಕ ಹಿಡಿದರೂ ಹಾಜರಾತಿ ಹಿಡಿದರೂ ನಿಮ್ಮದನ್ನು ಮೀರಿಸಿದ ಸಂಘ ಈ ಧರ್ಮಕೇಂದ್ರದಲ್ಲಿ ಇನ್ನೊಂದಿಲ್ಲ. ಮಿಕ್ಕ ಸಂಘಗಳ ಸಭೆಗೆ ಜನ ಸೇರಿಸಲು ಫಾದರ್ ವಾರಗಟ್ಟಲೆ ಪ್ರಕಟಣೆ ಓದಬೇಕು. ನೀವು ಯಾರೂ ಕರೆಯದೆ ಬರುತ್ತೀರಿ, ಯಾರೂ ತೋರಿಸದೆ ಅವರವರ ಜಾಗದಲ್ಲೇ ನಿಲ್ಲುತ್ತೀರಿ. ಸುವಾರ್ತೆ ಓದುವ ಹೊತ್ತಿಗೆ ಹಾಜರು. ಪ್ರಬೋಧನೆ ಶುರುವಾದರೆ ಗೇಟಿನಾಚೆ ಇರಾನಿ ಚಹಾ. ಪೀಠದ ಗಂಟೆ ಬಾರಿಸುವಷ್ಟರಲ್ಲಿ ಮತ್ತೆ ಸ್ವಸ್ಥಾನ. ಕೊನೆಯ ಆಶೀರ್ವಾದಕ್ಕೆ ಫಾದರ್ ಕೈ ಎತ್ತುವುದೂ ನಿಮ್ಮ ಬೈಕಿನ ಕಿಕ್ಕೂ ಒಂದೇ ತಾಳಕ್ಕೆ ಬೀಳುತ್ತವೆ. ನಮ್ಮ ಗಾಯನವೃಂದಕ್ಕೆ ಇಂಥ ತಾಳಜ್ಞಾನ ಇನ್ನೂ ಬಂದಿಲ್ಲ.

ನಾನು ಯಾರು ಅಂದರೆ, ಬೀದರ್ ಕಡೆಯವಳು. ಮದುವೆಯಾಗಿ ಈ ಊರಿಗೆ ಬಂದೆ. ಊರು ಬಿಟ್ಟೆ ಅನ್ನಿಸಿತೇ ಹೊರತು ಧರ್ಮಕ್ಷೇತ್ರ ಬಿಟ್ಟೆ ಅನ್ನಿಸಲಿಲ್ಲ. ಯಾಕೆಂದರೆ 2005ರಲ್ಲಿ ಕಲಬುರಗಿ ಧರ್ಮಕ್ಷೇತ್ರ ಹುಟ್ಟುವ ತನಕ ಬೀದರಿನವರಾದ ನಾವು ಹೈದರಾಬಾದ್ ಮಹಾಧರ್ಮಕ್ಷೇತ್ರದ ಲೆಕ್ಕದಲ್ಲೇ ಇದ್ದೆವು. ಜಪಸರ ಇವತ್ತಿಗೂ ಮನೆಯಲ್ಲಿ ಕನ್ನಡದಲ್ಲೇ ನಡೆಯುತ್ತದೆ, ಚರ್ಚಿನಲ್ಲಿ ತೆಲುಗು. ದೇವರಿಗೆ ಎರಡೂ ಬರುತ್ತವೆ, ತೊಂದರೆಯಿಲ್ಲ.

ನನ್ನ ಪಾಲಿನ ಕೆಲಸ ನಿಮ್ಮ ಕಣ್ಣಿಗೆ ಬಿದ್ದಿರಲಾರದು. ಪೀಠದ ಬಟ್ಟೆ ಒಗೆಯುವುದು. ಪಾತ್ರೆ ಒರೆಸುವ ಸಣ್ಣ ಬಿಳಿ ಬಟ್ಟೆಗಳು, ಪಾತ್ರೆಯ ಕೆಳಗೆ ಹಾಸುವ ಚೌಕ. ಇವನ್ನು ಮನೆಯ ಬಟ್ಟೆಯ ಜೊತೆ ಮಷೀನಿಗೆ ತುರುಕುವಂತಿಲ್ಲ. ಮೊದಲು ಬರಿಯ ನೀರಿನಲ್ಲಿ ಅದ್ದಬೇಕು. ಆ ನೀರನ್ನು ಮೋರಿಗೆ ಚೆಲ್ಲುವ ಹಾಗಿಲ್ಲ, ಮಣ್ಣಿಗೇ ಹಾಕಬೇಕು. ಪ್ರಸಾದದ ಒಂದು ಕಣ ಅಂಟಿದ್ದರೂ ಅದು ಚರಂಡಿ ಸೇರಬಾರದು ಅಂತ. ಮೂರನೇ ಮಹಡಿಯ ಫ್ಲಾಟಿನಲ್ಲಿ ಮಣ್ಣೆಲ್ಲಿ? ಬಾಲ್ಕನಿಯ ತುಳಸಿ ಕುಂಡಕ್ಕೇ ಹಾಕುತ್ತೇನೆ. ಗಿಡ ಚೆನ್ನಾಗಿ ಬೆಳೆದಿದೆ; ಪಕ್ಕದ ಮನೆಯ ಆಂಟಿ ಶುಕ್ರವಾರದ ಪೂಜೆಗೆ ಅದರ ದಳ ಕೇಳಿ ಒಯ್ಯುತ್ತಾರೆ. ಆಮೇಲೆ ಸೋಪು, ಗಂಜಿ, ಇಸ್ತ್ರಿ. ಹಾಸುವ ಚೌಕವನ್ನು ಎರಡೂ ಕಡೆಯಿಂದ ಮೂರು ಮೂರು ಮಡಿಕೆ ಮಾಡಬೇಕು, ಬಿಚ್ಚಿದರೆ ಒಂಬತ್ತು ಮನೆ ಕಾಣಬೇಕು. ಮಡಿಕೆ ಒಳಮುಖ. ಬಿದ್ದ ಚೂರು ಹೊರಗೆ ಉದುರದಿರಲಿ ಅಂತ. ಹೇಳಿಕೊಟ್ಟ ಸಿಸ್ಟರ್ ವರ್ಗವಾಗಿ ಹೋದರು. ನಾನು ವರ್ಗವಾಗುವವಳಲ್ಲ, ಹಾಗಾಗಿ ಉಳಿದುಕೊಂಡೆ. ಸ್ವಯಂಸೇವೆ ಅಂದರೆ ಹೆಚ್ಚಿನ ಪಾಲು ಇಷ್ಟೇ.

ಭಾನುವಾರ ಪೂಜೆ ಮುಗಿದ ಮೇಲೆ ನಿಮ್ಮ ಮಧ್ಯದಿಂದಲೇ ಒಬ್ಬ ನಿವೃತ್ತ ಹಿರಿಯರು ಹಾದುಹೋಗುತ್ತಾರೆ. ನೀವು ನಮಸ್ಕಾರ ಅಂದರೂ ತಿರುಗಿ ಅನ್ನುವುದಿಲ್ಲ. ಸೊಕ್ಕು ಅಂತ ನಿಮ್ಮಲ್ಲೊಬ್ಬರು ಹೇಳಿದ್ದು ನನ್ನ ಕಿವಿಗೂ ಬಿತ್ತು. ಅವರ ಅಂಗಿಯೊಳಗೆ, ಎದೆಯ ಮೇಲೆ, ದಾರಕ್ಕೆ ಕಟ್ಟಿದ ಪುಟ್ಟ ಚಿನ್ನದ ಬಣ್ಣದ ಡಬ್ಬಿ ಇರುತ್ತದೆ. ಹಾಸಿಗೆ ಹಿಡಿದವರಿಗೆ ಒಯ್ಯುವ ಪರಮಪ್ರಸಾದ ಅದರಲ್ಲಿ. ಅದು ಎದೆಯ ಮೇಲಿರುವಷ್ಟು ಹೊತ್ತು ಅವರು ದಾರಿಯಲ್ಲಿ ಹರಟುವುದಿಲ್ಲ, ಅಂಗಡಿಗೆ ನುಗ್ಗುವುದಿಲ್ಲ. ಮೆಟ್ರೋ ಕಂಬಗಳ ಕೆಳಗೆ ನೂರು ರೂಪಾಯಿಯ ಟೀ ಶರ್ಟಿನ ಗಾಡಿಗಳು, ಹಳೆಯ ಗೈಡ್ ಪುಸ್ತಕಗಳ ರಾಶಿ, ಪಾನಿಪುರಿ, ಹಾರನ್ನು. ಎಲ್ಲದರ ನಡುವೆ ಚೈತನ್ಯಪುರಿ, ಕೊತ್ತಪೇಟ, ಸರೂರ್‌ನಗರ ಅಂತ ಮನೆಯಿಂದ ಮನೆಗೆ. ಒಂದು ಮನೆಯ ಅಜ್ಜಿಗೆ ನುಂಗಲಾಗುವುದಿಲ್ಲ. ಚೂರಿಗಿಂತ ಚೂರು ಮಾಡಿ ಚಮಚದ ನೀರಿನಲ್ಲಿ ಕೊಡುತ್ತಾರೆ. ಗುರುವಲ್ಲದವರ ಕೈಯಿಂದಲೂ ಪ್ರಸಾದ ಕೊಡಿಸಬಹುದೆಂದು ಆರನೇ ಪೌಲ್ ಪೋಪರು 1973ರಲ್ಲೇ ದಾರಿ ತೆರೆದರು. ನಿಮ್ಮಲ್ಲಿ ಕೆಲವರು ಇವತ್ತಿಗೂ ಪೂಜೆಯಲ್ಲಿ ಆ ಹಿರಿಯರು ಪ್ರಸಾದ ಕೊಡುವ ಸಾಲು ಬಿಟ್ಟು ಫಾದರ್ ಸಾಲಿಗೆ ಹಾರುತ್ತೀರಿ. ಹಿರಿಯರ ಕೈಯಿಂದ ಸಿಕ್ಕರೆ ಕ್ರಿಸ್ತ ಕಡಿಮೆ ತೂಗುತ್ತಾನೇನೋ.

ಗಾಯನವೃಂದದ ಗೋಳು ಬೇರೆ. ದಿಲ್‌ಸುಖ್‌ನಗರ ಅಂದರೆ ಕೋಚಿಂಗು, ಹಾಸ್ಟೆಲ್ಲು. ನಲ್ಗೊಂಡ, ಸೂರ್ಯಾಪೇಟ, ಖಮ್ಮಂ ಕಡೆಯಿಂದ ಬಂದ ಹುಡುಗರೇ ನಮ್ಮ ಹಾಡುಗಾರರು. ಗ್ರೂಪ್-2 ನೋಟಿಫಿಕೇಶನ್ ಬಿದ್ದ ವಾರ ಗಂಡು ದನಿಗಳು ಅರ್ಧಕ್ಕಿಳಿಯುತ್ತವೆ. ರಿಸಲ್ಟ್ ಬಂದರೆ ಪಾಸಾದವರು ಕೆಲಸಕ್ಕೆ, ಫೇಲಾದವರು ಊರಿಗೆ. ಕೀಬೋರ್ಡಿಗೆ ಹೊಸಬನನ್ನು ಹುಡುಕಬೇಕು. ಶ್ರುತಿ ತಪ್ಪುತ್ತದೆ ಅಂತ ಹೊರಗೆ ನಿಂತು ನೀವು ಹೇಳುವುದು ನಿಜ. ಒಳಗೆ ಬಂದು ಹಾಡಿದರೆ ನಿಮ್ಮದೂ ತಪ್ಪುತ್ತದೆ, ಆದರೆ ಜೋರಾಗಿ ತಪ್ಪುತ್ತದೆ. ಅಷ್ಟಾದರೂ ಸಿಗಲಿ ಅನ್ನುವ ಸ್ಥಿತಿ ನಮ್ಮದು.

ನಿಮ್ಮ ವಾದವನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಪತ್ರ ಒಂದು ಕಡೆಗೆ ವಾಲುತ್ತದೆ. "ಒಳಗೆ ಎಲ್ಲಾ ಅದೇ ನಾಲ್ಕು ಜನ, ಅಧ್ಯಕ್ಷರು ಅವರೇ, ಹಬ್ಬದ ದಿನ ಶಾಲು ಅವರಿಗೇ, ಫೋಟೋದಲ್ಲಿ ಫಾದರ್ ಪಕ್ಕ ಅವರೇ." ಸುಳ್ಳಲ್ಲ. ಸೇವೆ ಅಂತ ಶುರುವಾಗಿ ಹುದ್ದೆಯಾಗಿ ಗಟ್ಟಿಯಾದ ಸಂಘಗಳನ್ನು ನಾನೂ ಬಲ್ಲೆ. ಮೇಣದಬತ್ತಿ ಸ್ಟ್ಯಾಂಡಿನ ಮೇಲೆ ದಾನಿಯ ಹೆಸರು ದೊಡ್ಡಕ್ಷರದಲ್ಲಿ, ಬತ್ತಿ ಹಚ್ಚಲು ಜಾಗ ಮಾತ್ರ ಸಣ್ಣದು. "ಪ್ಯಾರಿಶ್ ಕೌನ್ಸಿಲ್‌ನಲ್ಲಿ ನಮ್ಮ ಮಾತು ಎಲ್ಲಿ ನಡೆಯುತ್ತದೆ" ಅನ್ನುತ್ತೀರಿ. ಅದೂ ಸರಿಯೇ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 536ನೇ ವಿಧಿ ತೆಗೆದು ನೋಡಿ: ಪಾಲನಾ ಮಂಡಳಿಯದು ಸಲಹೆ ಮಾತ್ರ. ಆದರೆ ಅದರ ಮುಂದಿನ 537ನೇ ವಿಧಿ ನಿಮ್ಮ ಗಮನಕ್ಕೆ ಬಂದಿಲ್ಲ. ಹಣಕಾಸು ಸಮಿತಿ ಪ್ರತಿ ಧರ್ಮಕೇಂದ್ರದಲ್ಲೂ ಇರಲೇಬೇಕು ಅನ್ನುತ್ತದೆ ಅದು. ಹಬ್ಬದ ಲೆಕ್ಕದ ಬಗ್ಗೆ ವರ್ಷವಿಡೀ ಗೇಟಿನಲ್ಲಿ ಆಡಿಟ್ ನಡೆಸುವ ನಿಮ್ಮನ್ನು ಆ ಸಮಿತಿಗೆ ಬನ್ನಿ ಎಂದು ಕರೆದಾಗ "ಟೈಮೆಲ್ಲಿದೆಯಮ್ಮಾ" ಅಂದಿರಿ. ಕಾಣಿಕೆ ಡಬ್ಬಿ ಬಿಚ್ಚಿ ಎಣಿಸುವಾಗ ಬಂದು ಕೂತು ನೋಡಿ. ಟೇಪು ಹಚ್ಚಿದ ಹತ್ತರ ನೋಟು, ಯಾರೋ ಮುದುಕಿ ಕರವಸ್ತ್ರದ ತುದಿಯಲ್ಲಿ ಗಂಟು ಹಾಕಿ ತಂದಿದ್ದರಿಂದ ಸುರುಟಿಹೋದ ಇಪ್ಪತ್ತರ ನೋಟು. ಅದನ್ನು ಬೆರಳಲ್ಲಿ ಬಿಡಿಸಿ ನೀಟು ಮಾಡಿದವರಿಗೆ ಲೆಕ್ಕ ಕೇಳುವ ದನಿಯೇ ಬೇರೆಯಾಗುತ್ತದೆ. ಗಟ್ಟಿಯಾಗಿಯೇ ಕೇಳುತ್ತಾರೆ, ಆದರೆ ಬಾಗಿಲೊಳಗೆ ಕೇಳುತ್ತಾರೆ.

ಹೆಂಗಸರ ಮಾತೂ ಒಂದಿದೆ. ವಾಚಕಿಯಾಗಿ ವೇದಿಕೆ ಹತ್ತಿದ ನಮ್ಮಂಥವರು ಎಷ್ಟೋ ದಶಕಗಳಿಂದ ಓದುತ್ತಲೇ ಬಂದಿದ್ದೇವೆ. ಆದರೆ ವಾಚಕ ಅನ್ನುವ ವಿಧಿವತ್ತಾದ ಸ್ಥಾನ ಕಾನೂನಿನಲ್ಲಿ ಗಂಡಸರಿಗೆ ಮಾತ್ರ ಮೀಸಲಿತ್ತು. ಪೋಪ್ ಫ್ರಾನ್ಸಿಸ್ 2021ರ ಜನವರಿಯಲ್ಲಿ ಅದನ್ನು ತಿದ್ದಿದರು. ಅದೇ ವರ್ಷದ ಮೇ ತಿಂಗಳಲ್ಲಿ ಉಪದೇಶಿಗಳ ಸೇವೆಗೂ ವಿಧಿವತ್ತಾದ ಸ್ಥಾನ ಕೊಟ್ಟರು. ಅನುಮತಿ ರೋಮಿನಿಂದ ಹೊರಟು ಬರುವಷ್ಟರಲ್ಲಿ ನಮ್ಮ ಹಿರಿಯ ವಾಚಕಿಗೆ ಎರಡೂ ಕಣ್ಣಿನ ಪೊರೆಯ ಆಪರೇಷನ್ ಮುಗಿದಿತ್ತು. ಮೀಸಲು ನಿಮ್ಮ ಕಡೆ ಇದ್ದಷ್ಟು ಕಾಲ ನೀವು ಬರಲಿಲ್ಲ, ಅಣ್ಣಂದಿರೇ. ಈಗಲೂ ಎರಡನೇ ವಾಚನಕ್ಕೆ ಜನ ಸಿಗದೆ ಪೂಜೆಗೆ ಐದು ನಿಮಿಷ ಇರುವಾಗ ಬೆಂಚಿನಿಂದ ಬೆಂಚಿಗೆ ಪುಸ್ತಕ ಹಿಡಿದು ಓಡುವವಳು ನಾನೇ.

ಇನ್ನು ನಿಮ್ಮ ದೊಡ್ಡ ಪ್ರಶ್ನೆ: "ಇಷ್ಟೆಲ್ಲಾ ಸಂಘ ಇಟ್ಟುಕೊಂಡು ಬಡವರಿಗೆ ಏನು ಮಾಡಿದಿರಿ?" ಇದನ್ನು ಮೊದಲು ಕೇಳಿದವರು ನೀವಲ್ಲ. ಲಿಯಾನ್‌ನಿಂದ ಕಾನೂನು ಓದಲು ಪ್ಯಾರಿಸ್‌ಗೆ ಬಂದಿದ್ದ ಫ್ರೆಡರಿಕ್ ಓಝಾನಾಂ ಎಂಬ ಹುಡುಗನಿಗೆ ಚರ್ಚಾಕೂಟದಲ್ಲಿ ಒಬ್ಬ ಇದನ್ನೇ ಕೇಳಿ ಚುಚ್ಚಿದ: ನಿಮ್ಮ ಧರ್ಮಸಭೆ ಹಿಂದೆ ಏನೋ ಮಾಡಿರಬಹುದು, ಈಗೇನು ಮಾಡುತ್ತಿದೆ ಅಂತ. ಓಝಾನಾಂ ಮರುವಾದಕ್ಕೆ ಇಳಿಯಲಿಲ್ಲ. ಗೆಳೆಯನ ಜೊತೆ, ಚಳಿಗೆಂದು ತಾವು ಇಟ್ಟುಕೊಂಡಿದ್ದ ಸೌದೆಯಲ್ಲಿ ಉಳಿದಿದ್ದನ್ನು ಹೊತ್ತು ಒಂದು ಬಡ ಮನೆಗೆ ಕೊಟ್ಟು ಬಂದ. 1833ರ ಏಪ್ರಿಲ್ 23ರಂದು, ಅವನಿಗೆ ಇಪ್ಪತ್ತು ತುಂಬಿದ ದಿನವೇ, ಬೆರಳೆಣಿಕೆಯ ಗೆಳೆಯರ ಮೊದಲ ಸಭೆ ಸೇರಿತು. ಬಡವರ ಮನೆ ಹೊಕ್ಕು ಬರುವುದು ಹೇಗೆಂದು ಕಲಿಸಿದವರು ರೊಸಾಲಿ ಎಂಬ ಸಿಸ್ಟರ್. ಅದೇ ಇವತ್ತಿನ ವಿನ್ಸೆಂಟ್ ದೆ ಪೌಲ್ ಸಭೆ. ಹಾಸ್ಟೆಲ್ ಹುಡುಗನೊಬ್ಬ ಶುರು ಮಾಡಿದ್ದು ಅನ್ನುವುದನ್ನು ದಿಲ್‌ಸುಖ್‌ನಗರ ಮರೆಯಬಾರದು. ಚುಚ್ಚಿದವನ ಹೆಸರು ಹೇಳುವವರು ಕಡಿಮೆ. ಪ್ರಶ್ನೆ ಮಾತ್ರ ಒಳ್ಳೆಯದೇ ಇತ್ತು, ನಿಮ್ಮದರ ಹಾಗೆಯೇ.

2022ರಲ್ಲಿ ನಮ್ಮ ಮಹಾಧರ್ಮಾಧ್ಯಕ್ಷರಾದ ಆಂಥೊನಿ ಪೂಲ ಅವರು ಕಾರ್ಡಿನಲ್ ಆದಾಗ ನೀವೆಲ್ಲ ಸ್ಟೇಟಸ್ ಹಾಕಿಕೊಂಡು ಮೆರೆದಿರಿ. ಮೆರೆಯಬೇಕಾದದ್ದೇ: ತೆಲುಗು ನಾಡಿನಿಂದ ಮೊದಲ ಕಾರ್ಡಿನಲ್, ದಲಿತರಲ್ಲಿ ಮೊದಲಿಗರು. ಬಡತನದಿಂದಾಗಿ ಏಳನೇ ತರಗತಿಗೇ ಅವರ ಓದು ನಿಂತಿತ್ತು. ಮಿಷನರಿಗಳು ಕೈಹಿಡಿದು ಮತ್ತೆ ಶಾಲೆಗೆ ಸೇರಿಸಿದರು. ಅವತ್ತು ಅವರೆಲ್ಲ ಚರ್ಚಿನ ಬಾಗಿಲಲ್ಲಿ ನಿಂತು ಶಿಕ್ಷಣ ವ್ಯವಸ್ಥೆ ಸರಿಯಿಲ್ಲ ಅಂತ ಮಾತಾಡಿಕೊಂಡಿದ್ದರೆ ನಿಮಗೆ ಸ್ಟೇಟಸ್ಸಿಗೆ ಫೋಟೋ ಸಿಗುತ್ತಿರಲಿಲ್ಲ.

ನಿಮ್ಮ ಕೈಲಾಗುವುದಿಲ್ಲ ಅಂತ ನಾನು ಒಪ್ಪುವವಳಲ್ಲ, ಯಾಕೆಂದರೆ ಕಣ್ಣಾರೆ ನೋಡಿದ್ದೇನೆ. 2020ರ ಅಕ್ಟೋಬರ್ ಮಳೆಗೆ ಸರೂರ್‌ನಗರ ಕೆರೆ ತುಂಬಿ ಕೆಳಗಿನ ಕಾಲೊನಿಗಳಿಗೆ ನುಗ್ಗಿತಲ್ಲ, ಆ ವಾರ ಶಾಲು ಹೊದೆಯುವವರು ಫೋನಿನಲ್ಲಿ ಸಭೆ ಕರೆಯುವುದು ಹೇಗೆಂದು ಯೋಚಿಸುತ್ತಿದ್ದರು. ನೀವು ಲುಂಗಿ ಮೇಲಕ್ಕೆ ಕಟ್ಟಿ, ಸೊಂಟದ ಮಟ್ಟದ ನೀರಿನಲ್ಲಿ ಬಿಸ್ಲೇರಿ ಕ್ಯಾನು, ಹಾಲಿನ ಪ್ಯಾಕೆಟ್ಟು ತಲೆಯ ಮೇಲೆ ಹೊತ್ತು ಮನೆ ಮನೆಗೆ ಹೋದಿರಿ. ಯಾವ ಮನೆ ಯಾರದು, ಯಾವ ಧರ್ಮದ್ದು ಅಂತ ಕೇಳಲಿಲ್ಲ. ಬಾಣಂತಿಯೊಬ್ಬಳನ್ನು ಪ್ಲಾಸ್ಟಿಕ್ ಕುರ್ಚಿ ಸಮೇತ ಎತ್ತಿ ತಂದವರು ನಿಮ್ಮಲ್ಲೇ ಇದ್ದಾರೆ. ಮರು ಭಾನುವಾರ ಮತ್ತೆ ಬಾಗಿಲಾಚೆಯೇ ನಿಂತಿದ್ದಿರಿ, ಏನೂ ಆಗದವರ ಹಾಗೆ. ಯಾರೂ ನಿಮಗೆ ಶಾಲು ಹೊದೆಸಲಿಲ್ಲ. ನೀವೂ ಕೇಳಲಿಲ್ಲ. ಎರಡನೇ ವ್ಯಾಟಿಕನ್ ಮಹಾಸಭೆ 1965ರ ನವೆಂಬರಿನಲ್ಲಿ ಶ್ರೀಸಾಮಾನ್ಯ ವಿಶ್ವಾಸಿಗಳ ಪ್ರೇಷಿತ ಕಾರ್ಯದ ಬಗ್ಗೆ ಒಂದು ಇಡೀ ದಸ್ತಾವೇಜನ್ನೇ ಹೊರಡಿಸಿತು. ನೀವು ಅದನ್ನು ಓದಿಲ್ಲ, ಆ ವಾರ ಮಾತ್ರ ಮಾಡಿ ತೋರಿಸಿದಿರಿ. ಆದರೆ ಕೆರೆ ವರ್ಷಕ್ಕೊಮ್ಮೆಯೂ ತುಂಬುವುದಿಲ್ಲ. ಮುದುಕರ ಅಕ್ಕಿ ಡಬ್ಬ ತಿಂಗಳಿಗೊಮ್ಮೆ ಖಾಲಿಯಾಗುತ್ತದೆ. ವೀರರಿಗೆ ಬರುವ ಪ್ರವಾಹಕ್ಕಿಂತ ಈ ಖಾಲಿ ಡಬ್ಬದ ಕೆಲಸ ಕಷ್ಟ, ಬೇಸರದ್ದು.

ಆದ್ದರಿಂದ ನಿಮ್ಮ ಸಂಘಕ್ಕೆ ಮಾನ್ಯತೆ ಕೊಡಿ ಎಂದು ಫಾದರ್‌ಗೆ ಅರ್ಜಿ ಹಾಕುವ ಯೋಚನೆ ಬಿಟ್ಟಿದ್ದೇನೆ. ಮಾನ್ಯತೆ ಕೊಟ್ಟರೆ ಅಧ್ಯಕ್ಷರು ಬೇಕಾಗುತ್ತಾರೆ, ಅಧ್ಯಕ್ಷರಾದರೆ ಶಾಲು ಬರುತ್ತದೆ. ಬೇಡ. ಬದಲಿಗೆ ಇದನ್ನು ಓದಿಕೊಳ್ಳಿ: ಮಂಗಳವಾರ ಸಂಜೆ ಆರೂವರೆಗೆ ವಿನ್ಸೆಂಟ್ ದೆ ಪೌಲ್ ಸಭೆಯವರು ಮನೆ ಭೇಟಿಗೆ ಹೊರಡುತ್ತಾರೆ. ಎಲ್ಲರೂ ಅರವತ್ತು ದಾಟಿದವರು, ಒಬ್ಬರಿಗೆ ಮಂಡಿ ನೋವು. ಕೊತ್ತಪೇಟದ ಒಂದು ಮನೆ ನಾಲ್ಕನೇ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ, ಹತ್ತು ಕಿಲೋ ಅಕ್ಕಿ ಮೇಲೆ ಹೋಗಬೇಕು. ಯಾವ ಫಾರಂ ತುಂಬಬೇಕಿಲ್ಲ, ಫೋಟೋ ತೆಗೆಯುವುದಿಲ್ಲ. ಇಬ್ಬರು ಬನ್ನಿ, ಸಾಕು.

ಇತಿ,
ಪೀಠದ ಬಟ್ಟೆ ಒಗೆಯುವ ನಿಮ್ಮ ತಂಗಿ