ಇಪ್ಪತ್ತೈದು ಅಕ್ಷರದ ಆಸ್ತಿ

ಕಂಪ್ಯೂಟರಿನ ಕಾರ್ಯಾಚರಣ ವ್ಯವಸ್ಥೆಯನ್ನು ಅಳಿಸಿ ಮತ್ತೆ ಕೂರಿಸುವ ಕೆಲಸಕ್ಕೆ ಪಠ್ಯಪುಸ್ತಕ ಕೊಟ್ಟ ಹೆಸರು ಮರುಸ್ಥಾಪನೆ. ಮನೆಗಳಲ್ಲಿ ಅದಕ್ಕೆ ‘ಫಾರ್ಮ್ಯಾಟ್ ಹೊಡೆಸುವುದು’ ಎನ್ನುತ್ತಾರೆ. ಎರಡನೆಯದೇ ಹೆಚ್ಚು ಪ್ರಾಮಾಣಿಕವಾದ ಹೆಸರು. ಈ ಕೆಲಸದಲ್ಲಿ ಸ್ಥಾಪನೆಗಿಂತ ಹೊಡೆತವೇ ಜಾಸ್ತಿ. ಇದರ ಸುವರ್ಣಯುಗ ವಿಂಡೋಸ್ ಎಕ್ಸ್‌ಪಿಯ ಕಾಲ. 2001ರ ಅಕ್ಟೋಬರ್ 25ರಂದು ಬಿಡುಗಡೆಯಾದ ಎಕ್ಸ್‌ಪಿಗೆ ತಯಾರಕರ ಆರೈಕೆ ನಿಂತದ್ದು 2014ರ ಏಪ್ರಿಲ್ 8ರಂದು. ನಡುವಿನ ಹನ್ನೆರಡೂವರೆ ವರ್ಷಗಳಲ್ಲಿ ನಮ್ಮ ನಾಡಿನ ಎಷ್ಟೋ ಮನೆಗಳಿಗೆ ಮೊದಲ ಕಂಪ್ಯೂಟರ್ ಬಂತು, ಅದರ ಜೊತೆಗೆ ಒಂದು ಸಿ.ಡಿ. ಬಂತು. ಕಂಪ್ಯೂಟರ್ ಉಳಿಯಿತು.

ಮರುಸ್ಥಾಪನೆಯ ಕಾಲ ಸಮೀಪಿಸಿತು ಎನ್ನುವುದಕ್ಕೆ ಲಕ್ಷಣಗಳಿವೆ. ಕಂಪ್ಯೂಟರಿನ ಸ್ವಿಚ್ ಹಾಕಿ, ಹೋಗಿ ಫಿಲ್ಟರಿಗೆ ಬಿಸಿನೀರು ಸುರಿದರೆ, ಡಿಕಾಕ್ಷನ್ನೇ ಮೊದಲು ಇಳಿದು ಮುಗಿಯುತ್ತದೆ. ಯಾರದೋ ಪೆನ್‌ಡ್ರೈವ್ ಚುಚ್ಚಿದ ಮಾರನೆಯ ದಿನದಿಂದ ಫೋಲ್ಡರುಗಳು ಒಂದಕ್ಕೆ ಎರಡಾಗಿ ಹೆರುತ್ತವೆ. ಕೊನೆಗೊಂದು ಬೆಳಗ್ಗೆ ಕಪ್ಪು ಪರದೆಯ ಮೇಲೆ ‘ಎನ್‌ಟಿಎಲ್‌ಡಿಆರ್ ಈಸ್ ಮಿಸ್ಸಿಂಗ್’ ಎಂದು ಮೂಡುತ್ತದೆ. ಎನ್‌ಟಿಎಲ್‌ಡಿಆರ್ ಎಂಬುದು ಸಿ ಡ್ರೈವಿನ ಬಾಗಿಲಲ್ಲೇ ಕೂತು ವಿಂಡೋಸನ್ನು ಎಬ್ಬಿಸುವ ಪುಟ್ಟ ಕಡತದ ಹೆಸರು. ಮರೆತು ಒಳಗೇ ಬಿಟ್ಟ ಫ್ಲಾಪಿಯಿಂದಲೂ ಈ ಮಾತು ಬರಬಹುದಾದ್ದರಿಂದ ಮೊದಲು ಫ್ಲಾಪಿ ತೆಗೆದು ನೋಡಬೇಕು. ಎಷ್ಟೋ ದುರಂತಗಳು ಅಲ್ಲಿಗೇ ಮುಗಿದಿವೆ. ಮುಗಿಯದಿದ್ದರೆ, ಏನೋ ಒಂದು ಕಳೆದಿದೆ ಎನ್ನುವಷ್ಟು ಮನೆಯವರಿಗೆ ಅರ್ಥವಾಗುತ್ತದೆ. ಅದನ್ನು ಸರಿಪಡಿಸುವ ಸಿ.ಡಿ.ಯೂ ಕಳೆದಿದೆ ಎಂಬುದು ಇನ್ನು ಹತ್ತು ನಿಮಿಷಕ್ಕೆ ಗೊತ್ತಾಗುತ್ತದೆ.

ಸಿ.ಡಿ. ಎಂಬುದು 12 ಸೆಂಟಿಮೀಟರ್ ಅಗಲದ, 1.2 ಮಿಲಿಮೀಟರ್ ದಪ್ಪದ ಬಿಲ್ಲೆ. ಮಾಹಿತಿ ಅದರಲ್ಲಿ ನಡುವಿನಿಂದ ಅಂಚಿನ ಕಡೆಗೆ ಸುರುಳಿಯಾಗಿ ಸಾಗುತ್ತದೆ. ಸುರುಳಿಯನ್ನು ಬಿಚ್ಚಿ ನೇರ ಮಾಡಿದರೆ ಐದು ಕಿಲೋಮೀಟರಿಗೂ ಮೀರುತ್ತದೆ. ಅಂದರೆ ಮನೆಯವರು ಐದು ಕಿಲೋಮೀಟರ್ ಉದ್ದದ ದಾರಿಯೊಂದನ್ನು ಮೂರು ಕೋಣೆಯ ಮನೆಯೊಳಗೆ ಕಳೆದುಕೊಂಡಿರುತ್ತಾರೆ. ಕಳೆಯುವುದಕ್ಕೆ ಈ ವಸ್ತುವಿನ ಗುಣವೇ ಕಾರಣ. ಬಳಕೆ ಬರುವುದು ಎರಡು ಮೂರು ವರ್ಷಕ್ಕೊಮ್ಮೆ, ಹೊಳಪು ಮಾತ್ರ ದಿನಾ. ಹೊಳೆಯುವ ವಸ್ತುವನ್ನು ಸುಮ್ಮನೆ ಇಡಲು ಯಾವ ಮನೆಗೂ ಮನಸ್ಸು ಬರುವುದಿಲ್ಲ. ಗೌರಿಹಬ್ಬದ ಮಂಟಪದಲ್ಲಿ ಗಣೇಶನ ಹಿಂದಿನ ಪ್ರಭಾವಳಿ ಅದೇ. ಮಗಳ ಶಾಲೆಯ ‘ಸೌರವ್ಯೂಹ’ ಮಾಡೆಲ್ಲಿನಲ್ಲಿ ಶನಿಯ ಉಂಗುರ ಅದೇ. ಬಾಲ್ಕನಿಯಲ್ಲಿ ಪಾರಿವಾಳ ಓಡಿಸಲು ದಾರಕ್ಕೆ ಕಟ್ಟಿ ನೇತುಬಿಟ್ಟದ್ದೂ, ಊರಿನ ಹೊಲದಲ್ಲಿ ಬೆದರುಬೊಂಬೆಯ ಕೊರಳಿನ ಪದಕವಾದದ್ದೂ ಅದೇ. 2010ರ ಜನವರಿ 15ರ ಸೂರ್ಯಗ್ರಹಣದಂತಹ ದಿನಗಳಲ್ಲಿ ಸಿ.ಡಿ. ಅಡ್ಡ ಹಿಡಿದು ಸೂರ್ಯನನ್ನು ನೋಡುವವರೂ ಇದ್ದರು. ಹಾಗೆ ನೋಡಬಾರದು, ಕಣ್ಣು ಹಾಳಾದರೆ ಅದಕ್ಕೆ ಮರುಸ್ಥಾಪನೆ ಇಲ್ಲ.

ಸಿಕ್ಕರೂ ಸಿ.ಡಿ. ಕೆಲಸ ಮಾಡುತ್ತದೆಂಬ ಭರವಸೆಯಿಲ್ಲ. ಬೆಳ್ಳಿಯಂತೆ ಮಿರುಗುವ ಅಡಿಭಾಗ ಸೂಕ್ಷ್ಮವೆಂದು ಎಲ್ಲರೂ ಅದನ್ನು ಮೇಲೆ ಮಾಡಿ ಇಡುತ್ತಾರೆ, ಹೆಸರು ಬರೆದ ಭಾಗವನ್ನು ಮೇಜಿಗೆ ಉಜ್ಜುತ್ತಾರೆ. ನಿಜದಲ್ಲಿ ಮಾಹಿತಿಯ ಪದರ ಇರುವುದು ಹೆಸರಿನ ಭಾಗದ ತೀರಾ ಕೆಳಗೆ. ಅಡಿಭಾಗದ ಗೀರನ್ನು ಟೂತ್‌ಪೇಸ್ಟ್ ತಿಕ್ಕಿ ಒಂದಿಷ್ಟು ಸುಧಾರಿಸಬಹುದು, ಮೇಲ್ಭಾಗ ಸುಲಿದರೆ ಮುಗಿಯಿತು. ‘ವಿಂಡೋಸ್, ಜೋಪಾನ’ ಎಂದು ಬಾಲ್‌ಪೆನ್ನಿನಲ್ಲಿ ಒತ್ತಿ ಬರೆದವರು ಆ ಜೋಪಾನವನ್ನು ಮಾಹಿತಿಯ ಮೇಲೆಯೇ ಕೆತ್ತಿರುತ್ತಾರೆ.

ಇಷ್ಟೆಲ್ಲ ಹುಡುಕಾಟದ ಹಿಂದೆ ಒಂದು ತಪ್ಪು ತಿಳಿವಳಿಕೆ ಇದೆ. ದುಡ್ಡು ಕೊಟ್ಟು ಕೊಂಡದ್ದು ಸಿ.ಡಿ.ಯನ್ನು ಎಂದು ಮನೆ ತಿಳಿದಿರುತ್ತದೆ. ಕೊಂಡದ್ದು ಬಳಸುವ ಹಕ್ಕನ್ನು. ಆ ಹಕ್ಕಿನ ಗುರುತು ಸಿ.ಡಿ.ಯ ಕವಚದ ಮೇಲೋ ಕಂಪ್ಯೂಟರಿನ ಡಬ್ಬದ ಪಕ್ಕೆಯಲ್ಲೋ ಅಂಟಿಸಿದ ಚೀಟಿಯ ಇಪ್ಪತ್ತೈದು ಅಕ್ಷರ: ಐದೈದರ ಐದು ಗುಂಪು. ಹೊಂದುವ ಬಿಲ್ಲೆ ಯಾರದ್ದಾದರೂ ನಡೆದೀತು, ಅಕ್ಷರ ಮಾತ್ರ ತಮ್ಮದೇ ಆಗಬೇಕು. ಮನೆಯವರು ಬಿಲ್ಲೆಗಾಗಿ ಅಟ್ಟ ಹತ್ತುತ್ತಾರೆ. ಕವಚವಾದರೋ ಹಾಲಿನ ಲೆಕ್ಕ ಬರೆಯಲು ಒದಗಿ, ತಿಂಗಳ ಕೊನೆಗೆ ಹಳೆಯ ಪೇಪರಿನ ಜೊತೆ ತೂಕಕ್ಕೆ ಹೋಗಿರುತ್ತದೆ.

ಡಬ್ಬದ ಪಕ್ಕೆಯ ಚೀಟಿಗೆ ಕರ್ನಾಟಕದಲ್ಲಿ ಇನ್ನೊಂದು ಗಂಡಾಂತರವಿತ್ತು. ಆಯುಧಪೂಜೆಯ ದಿನ ಸ್ಕೂಟರು, ಹೊಲಿಗೆಯಂತ್ರ, ಮಿಕ್ಸಿಗಳ ಸಾಲಿನಲ್ಲಿ ಕಂಪ್ಯೂಟರಿಗೂ ಪೂಜೆ. ಕುಂಕುಮ ಇಡಲು ಒಂದು ಹಣೆ ಬೇಕು. ಬೂದುಬಣ್ಣದ ಡಬ್ಬದಲ್ಲಿ ಹಣೆಯಂತೆ ಕಾಣುವ, ಮಿರಿಮಿರಿ ಮಿನುಗುವ ಜಾಗ ಒಂದೇ, ಆ ಚೀಟಿ. ವರ್ಷಕ್ಕೊಮ್ಮೆ ಅದಕ್ಕೆ ಗಂಧ, ಅರಿಶಿನ, ಕುಂಕುಮ. ಮಾರನೆಯ ದಿನ ಒದ್ದೆಬಟ್ಟೆಯಲ್ಲಿ ಒರೆಸು. ನಾಲ್ಕು ದಸರಾ ಕಳೆಯುವಷ್ಟರಲ್ಲಿ ನಡುವಿನ ಗುಂಪು ದೇವರಿಗೆ ಸಂದಿರುತ್ತದೆ.

ಅಕ್ಷರಗಳನ್ನು ಆರಿಸಿದವರು ಬುದ್ಧಿವಂತರೇ. ಇಂಗ್ಲಿಷಿನ 26 ಅಕ್ಷರ, ಹತ್ತು ಅಂಕಿಗಳಲ್ಲಿ ಅವರು ಇಟ್ಟುಕೊಂಡದ್ದು ಇಪ್ಪತ್ತನಾಲ್ಕನ್ನು ಮಾತ್ರ. ಸ್ವರಗಳು ಪೂರ್ತಿ ಹೊರಗೆ, ಅಪ್ಪಿತಪ್ಪಿಯೂ ಬೈಗುಳ ಮೂಡುವುದು ಕಷ್ಟ. ಸೊನ್ನೆ, ಒಂದು, ಐದು ಇಲ್ಲ. ಎಲ್, ಎನ್, ಎಸ್, ಜೆಡ್ ಇಲ್ಲ. ಸೊನ್ನೆಯೋ ‘ಓ’ವೋ ಎಂಬ ಜಗಳ ಹುಟ್ಟುವ ಮೊದಲೇ ಸತ್ತಿತು. ಆದರೆ ‘ಬಿ’ಯನ್ನೂ ಎಂಟನ್ನೂ, ‘ಜಿ’ಯನ್ನೂ ಆರನ್ನೂ ಏಕೆ ಜೊತೆಯಲ್ಲಿ ಉಳಿಸಿಕೊಂಡರೋ! ಕುಂಕುಮ ಮೆತ್ತಿದ ಚೀಟಿಯಲ್ಲಿ ಅವು ಅವಳಿಜವಳಿ. ತಂದೆ ಟಾರ್ಚ್ ಹಿಡಿದು ಮಂಡಿಯೂರಿ ಓದುತ್ತಾನೆ, ಮಗ ಒತ್ತುತ್ತಾನೆ. “ಬಿ, ಬೆಂಗಳೂರು ಬಿ. ಡಿ, ದಾವಣಗೆರೆ. ಟಿ, ತುಮಕೂರು.” ಎಕ್ಸ್ ಬರುತ್ತಿದ್ದಂತೆ ನಾಡಿನ ಊರುಗಳು ಮುಗಿಯುತ್ತವೆ. “ಎಕ್ಸ್... ಅದೇ ಕಣೋ, ಗಣಿತದಲ್ಲಿ ಬರುತ್ತಲ್ಲ.” “ಕ್ಯೂ ಅಂದ್ರಾ ಅಪ್ಪಾ?” “ಹ್ಞೂಂ, ರೇಷನ್ ಅಂಗಡಿ ಕ್ಯೂ.” ಒಂದು ಅಕ್ಷರ ತಪ್ಪಿದರೂ ಕಂಪ್ಯೂಟರ್ ‘ತಪ್ಪು’ ಎನ್ನುತ್ತದೆ, ಎಷ್ಟನೆಯದು ಎಂದು ಹೇಳುವುದಿಲ್ಲ.

ಮುಂದಿನ ಹೆಜ್ಜೆ ಸಾಲ ತರುವುದು. ಪಕ್ಕದ ಬೀದಿಯಲ್ಲಿ ಒಬ್ಬರ ಮನೆಯಲ್ಲಿ ಸಿ.ಡಿ. ಇದ್ದೇ ಇರುತ್ತದೆ, ತಂದು ಹಾಕಿದರೆ ಅದು ಅಕ್ಷರಗಳನ್ನು ಒಪ್ಪುವುದಿಲ್ಲ. ಕಂಪ್ಯೂಟರಿನ ಜೊತೆ ಕೊಟ್ಟ ಎಕ್ಸ್‌ಪಿ ಒಂದು ಜಾತಿ, ಅಂಗಡಿಯಲ್ಲಿ ಪೆಟ್ಟಿಗೆಯಲ್ಲಿ ಮಾರಿದ ಎಕ್ಸ್‌ಪಿ ಇನ್ನೊಂದು, ಕಚೇರಿಗಳಿಗೆ ಸಗಟಾಗಿ ಕೊಟ್ಟದ್ದು ಮತ್ತೊಂದು. ಮೂರೂ ನೋಡಲು ಒಂದೇ, ನಡೆಯಲು ಒಂದೇ, ಕೀಲಿ ಮಾತ್ರ ಬೇರೆ ಬೇರೆ. ಇದರ ಮೇಲೆ ಎಸ್.ಪಿ. ಒಂದು, ಎರಡು, ಮೂರು ಎಂದು ಪರಿಷ್ಕರಣೆಗಳೂ ಬಂದವು. ಎರಡನೆಯದು 2004ರಲ್ಲಿ, ಮೂರನೆಯದು 2008ರಲ್ಲಿ. ಎಸ್.ಪಿ. ಎಂದರೆ ಸರ್ವೀಸ್ ಪ್ಯಾಕ್. ಬೆಂಗಳೂರಿನಲ್ಲಿ ಎಸ್.ಪಿ. ಎಂದರೆ ಕಂಪ್ಯೂಟರ್ ಬಿಡಿಭಾಗಗಳ ಸಾಲುಸಾಲು ಅಂಗಡಿಗಳ ಎಸ್.ಪಿ. ರಸ್ತೆಯೂ ಹೌದು, ಜಿಲ್ಲೆಗಳಲ್ಲಿ ಪೊಲೀಸ್ ವರಿಷ್ಠರೂ ಹೌದು. ಮಾರ್ಕರ್ ಪೆನ್ನಿನಲ್ಲಿ ಹೆಸರು ಗೀಚಿದ ಖೋಟಾ ಸಿ.ಡಿ.ಯ ವಿಷಯದಲ್ಲಿ ಮೂರು ಅರ್ಥಗಳೂ ಒಂದೇ ಕಡೆ ಸೇರುವ ಸಂಭವವಿತ್ತು.

ಹೊಂದುವ ಸಿ.ಡಿ. ಸಿಕ್ಕಿದ ಮೇಲೆ ಫಾರ್ಮ್ಯಾಟ್. ಇಲ್ಲಿ ಅವಸರ ಸಲ್ಲದು. ಸಾಮಾನ್ಯವಾಗಿ ಹಾರ್ಡ್‌ಡಿಸ್ಕನ್ನು ಸಿ, ಡಿ, ಇ ಎಂದು ಪಾಲು ಮಾಡಿರುತ್ತಾರೆ (ಎ, ಬಿ ಎರಡೂ ಹಿರಿಯರಾದ ಫ್ಲಾಪಿಗಳಿಗೆ ಮೀಸಲು). ಅಳಿಯುವುದು ಸಿ. ಡೆಸ್ಕ್‌ಟಾಪ್ ಮತ್ತು ‘ಮೈ ಡಾಕ್ಯುಮೆಂಟ್ಸ್’ ಕಣ್ಣಿಗೆ ಎಲ್ಲಕ್ಕಿಂತ ಮುಂದೆ ಕಂಡರೂ ಇರುವುದು ಆ ಸಿ ಡ್ರೈವಿನ ಹೊಟ್ಟೆಯಲ್ಲೇ. ಹೀಗಾಗಿ ಯಾರೂ ಎರಡನೆಯ ಸಲ ನೋಡದ ಸಿನಿಮಾಗಳು ಡಿ ಡ್ರೈವಿನಲ್ಲಿ ಚಿರಂಜೀವಿಗಳಾಗುತ್ತವೆ, ಕೈಗೆ ಸಿಗಲಿ ಎಂದು ಡೆಸ್ಕ್‌ಟಾಪಿನಲ್ಲೇ ಇಟ್ಟ ಮದುವೆಯ ಫೋಟೋಗಳು ಹೋಗುತ್ತವೆ.

ಎಕ್ಸ್‌ಪಿಯ ಕ್ರಮದಲ್ಲಿ ಇನ್ನೂ ಒಂದು ಕುಯುಕ್ತಿ ಇದೆ. ನೀಲಿ ಪರದೆಯಲ್ಲಿ ಎಫ್8 ಒತ್ತಿ ಕರಾರಿಗೆ ಒಪ್ಪಬೇಕು (ಓದಿದವರು ಯಾರೂ ಇಲ್ಲ), ಹಳೆಯದನ್ನು ಅಳಿಸಬೇಕು, ಕಡತಗಳು ನಕಲಾಗಬೇಕು, ಯಂತ್ರ ಒಮ್ಮೆ ಆರಿ ಹೊತ್ತಿಕೊಳ್ಳಬೇಕು. ಇಪ್ಪತ್ತೈದು ಅಕ್ಷರ ಕೇಳುವುದು ಇಷ್ಟೆಲ್ಲ ಆದ ಮೇಲೆ. ಮನೆ ಕೆಡವಿ ಪಾಯ ತೋಡಿಸಿದ ನಂತರ “ಪತ್ರ ಎಲ್ಲಿದೆ ಸ್ವಾಮಿ?” ಎಂದಂತೆ. ಆದ್ದರಿಂದ ಚೀಟಿಯನ್ನು ಮೊದಲೇ ಓದಿ ಕಾಗದಕ್ಕೆ ಇಳಿಸಿಕೊಂಡವನೇ ಜಾಣ. ಯಂತ್ರ ಎರಡನೆಯ ಸಲ ಹೊತ್ತಿಕೊಂಡಾಗ ‘ಯಾವುದಾದರೂ ಕೀಲಿ ಒತ್ತಿ’ ಎಂದು ಮತ್ತೆ ಕೇಳುತ್ತದೆ. ವಿಧೇಯರು ಒತ್ತುತ್ತಾರೆ, ಮೊದಲಿಗೇ ಹೋಗಿ ನಿಲ್ಲುತ್ತಾರೆ. ಅಲ್ಲಿ ಸುಮ್ಮನಿರಬೇಕು.

ನಂತರ ಪರದೆಯ ಎಡಗಡೆ ‘ಇನ್ನು 39 ನಿಮಿಷ’ ಎಂದು ಕಾಣುತ್ತದೆ. ಈ 39 ಯಾವ ಗಡಿಯಾರದ್ದೂ ಅಲ್ಲ. ಹೊಸ ಯಂತ್ರದಲ್ಲಿ ಅದು ಇಪ್ಪತ್ತಕ್ಕೇ ಮುಗಿದೀತು. ಹಳೆಯದರಲ್ಲಿ 34ಕ್ಕೆ ಬಂದು ನಿಂತು, ಮನೆಮಂದಿಯೆಲ್ಲ ಊಟ ಮುಗಿಸಿ ಕೈತೊಳೆದು ಬಂದರೂ 34ರಲ್ಲೇ ಇದ್ದೀತು. ಮುಗಿದಾಗ ಹಸಿರು ಗುಡ್ಡ, ನೀಲಿ ಆಕಾಶ. ಚಾರ್ಲ್ಸ್ ಓರಿಯರ್ 1996ರಲ್ಲಿ ಕ್ಯಾಲಿಫೋರ್ನಿಯಾದ ಸೊನೋಮಾ ಪ್ರಾಂತದಲ್ಲಿ ತೆಗೆದ ಚಿತ್ರ ಅದು. ಪರದೆಯ ಚಾಲಕ ತಂತ್ರಾಂಶ (ಡ್ರೈವರ್) ಇನ್ನೂ ಇಲ್ಲದ ಕಾರಣ ಗುಡ್ಡ ಹರಡಿಕೊಂಡು ಮಬ್ಬಾಗಿರುತ್ತದೆ. ಸ್ಪೀಕರ್ ಮೂಗ. ಇಂಟರ್ನೆಟ್ ಇಲ್ಲ. ಡ್ರೈವರ್ ಎಲ್ಲಿ ಎಂದರೆ ಇಂಟರ್ನೆಟ್ಟಿನಲ್ಲಿದೆ. ಇಂಟರ್ನೆಟ್ ಯಾಕಿಲ್ಲ ಎಂದರೆ ಡ್ರೈವರ್ ಇಲ್ಲ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ಮದರ್‌ಬೋರ್ಡಿನ ಸಿ.ಡಿ. ಬೇಕಾದದ್ದು ಈಗ. ಹುಡುಕಿದರೆ ಸಿಗುವುದು, ಎಂದೋ ಮಾರಿಬಿಟ್ಟ ಪ್ರಿಂಟರಿನದು.

ಕನ್ನಡಿಗರಿಗೆ ಇಲ್ಲಿಂದ ಇನ್ನೊಂದು ಅಧ್ಯಾಯ. ಎಕ್ಸ್‌ಪಿಯಲ್ಲಿ ಯೂನಿಕೋಡ್ ಕನ್ನಡ ಇತ್ತು. ಅದರ ಅಕ್ಷರಶೈಲಿಯ ಹೆಸರು ‘ತುಂಗಾ’. ಆದರೆ ಅದು ತಾನಾಗಿ ಹರಿಯುತ್ತಿರಲಿಲ್ಲ. ಪ್ರದೇಶ ಮತ್ತು ಭಾಷೆಗಳ ಪುಟಕ್ಕೆ ಹೋಗಿ ‘ಸಂಕೀರ್ಣ ಲಿಪಿ’ ಎಂಬಲ್ಲಿ ಗುರುತು ಹಾಕಬೇಕು. ಹಾಕಿದೊಡನೆ ಯಂತ್ರ ಕೇಳುವುದು ಮೂಲ ಸಿ.ಡಿ.ಯನ್ನು! ಗಂಗಾ ಸ್ನಾನಕ್ಕೆ ರೈಲಿನ ಟಿಕೆಟ್ ಸಾಕು, ತುಂಗಾ ಪಾನಕ್ಕೆ ಸಿ.ಡಿ. ಬೇಕು. ಸಾಲ ತಂದದ್ದನ್ನು ಅಷ್ಟರಲ್ಲಿ ಮರಳಿಸಿಯಾಗಿರುತ್ತದೆ. ಅದೇ ಪುಟ ಸ್ಥಾಪನೆಯ ನಡುವೆಯೂ ಬಂದುಹೋಗುತ್ತದೆ, ಆಗ ಸಿ.ಡಿ. ಒಳಗೇ ಇರುತ್ತದೆ. ಆದರೆ ಆ ಹೊತ್ತಿನಲ್ಲಿ ಎಲ್ಲರ ಬೆರಳೂ ‘ನೆಕ್ಸ್ಟ್’ ಮೇಲೆ. ಉಪಾಯ ಬಲ್ಲವರು ಸಿ.ಡಿ.ಯ ‘ಐ386’ ಎಂಬ ಫೋಲ್ಡರನ್ನು ಡಿ ಡ್ರೈವಿಗೆ ನಕಲು ಮಾಡಿಕೊಂಡೇ ಸಾಲ ತೀರಿಸುತ್ತಿದ್ದರು. ಯಂತ್ರ ಸಿ.ಡಿ. ಕೇಳಿದಾಗಲೆಲ್ಲ ಅದರತ್ತ ಬೆರಳು ತೋರಿಸಿದರಾಯಿತು. ಈ ಲೇಖನದಲ್ಲಿ ಉಪಯೋಗಕ್ಕೆ ಬರುವ ಮಾತು ಇದೊಂದೇ ಇರಬಹುದು. ಅದಕ್ಕೂ ಈಗ ಕಾಲ ಮೀರಿದೆ.

ನುಡಿ, ಬರಹ ತಂತ್ರಾಂಶಗಳಲ್ಲಿ ಬರೆದಿಟ್ಟ ಹಳೆಯ ಪತ್ರಗಳ ಕಥೆ ಬೇರೆ. ಅವುಗಳ ಹಳೆಯ ಅಕ್ಷರಶೈಲಿಗಳು ಇಂಗ್ಲಿಷ್ ಸಂಕೇತಗಳ ಜಾಗದಲ್ಲೇ ಕನ್ನಡದ ಅಕ್ಷರಚೂರುಗಳನ್ನು ಕೂರಿಸಿದ್ದವು. ಫಾರ್ಮ್ಯಾಟಿನಲ್ಲಿ ಅಕ್ಷರಶೈಲಿ ಹೋದರೆ, ಡಿ ಡ್ರೈವಿನಲ್ಲಿ ಭದ್ರವಾಗಿ ಉಳಿದ ಪತ್ರ ತೆರೆದಾಗ ಕಾಣುವುದು ತಲೆಯ ಮೇಲೆ ಕೊಂಬು, ಸೊಟ್ಟಗೀರು ಹೊತ್ತ ರೋಮನ್ ಅಕ್ಷರಗಳ ಜಾತ್ರೆ. ವೈರಸ್ ಎಂದು ಹೆದರಿ ಅಂಥ ಕಡತಗಳನ್ನು ಅಳಿಸಿಹಾಕಿದವರಿದ್ದಾರೆ. ನುಡಿಯನ್ನೋ ಬರಹವನ್ನೋ ಮತ್ತೆ ಹಾಕಿದರೆ ಅದೇ ಜಾತ್ರೆ ‘ಮಾನ್ಯರೇ, ಕ್ಷೇಮ, ಅಲ್ಲಿನ ಕ್ಷೇಮ ತಿಳಿಸಿ’ ಎನ್ನುತ್ತಿತ್ತು.

ಕೊನೆಯದು ಸಕ್ರಿಯಗೊಳಿಸುವಿಕೆ. ಅದಕ್ಕೆ 30 ದಿನ ಗಡುವು. ಇಂಟರ್ನೆಟ್ ಇಲ್ಲದವರಿಗೆ ಫೋನಿನ ದಾರಿ. ಪರದೆಯ ಮೇಲಿನ 50 ಅಂಕಿಗಳನ್ನು ಫೋನಿಗೆ ಒಪ್ಪಿಸಬೇಕು, ಅತ್ತಲಿಂದ ಬರುವ 42 ಅಂಕಿಗಳನ್ನು ಬರೆದುಕೊಳ್ಳಬೇಕು. ನಡುವೆ ಕುಕ್ಕರ್ ಕೂಗಬಾರದು.

ಈಗ ಇದೆಲ್ಲ ಸುಲಭ. 2012ರ ವಿಂಡೋಸ್ 8ರಿಂದೀಚೆಗೆ, ವಿಂಡೋಸ್ ಸಮೇತ ಬರುವ ಕಂಪ್ಯೂಟರುಗಳಲ್ಲಿ ಆ ಇಪ್ಪತ್ತೈದು ಅಕ್ಷರವನ್ನು ಮದರ್‌ಬೋರ್ಡಿನೊಳಗೇ ಬರೆದಿರುತ್ತಾರೆ. ಕುಂಕುಮ ಅಲ್ಲಿಗೆ ತಲುಪದು. ವಿಂಡೋಸನ್ನು ತಯಾರಕರ ತಾಣದಿಂದ ಇಳಿಸಿಕೊಂಡು 8 ಜಿ.ಬಿ. ಪೆನ್‌ಡ್ರೈವಿಗೆ ತುಂಬಿದರೆ ಸಾಕು. ಲ್ಯಾಪ್‌ಟಾಪುಗಳಲ್ಲಿ ಸಿ.ಡಿ. ಹಾಕುವ ಬಾಯಿಯೇ ಮುಚ್ಚಿಹೋಗಿದೆ. ಆದರೆ ಇತ್ತೀಚಿನ ಎಷ್ಟೋ ಲ್ಯಾಪ್‌ಟಾಪುಗಳು ಹೇಳದೆ ಕೇಳದೆ ಹಾರ್ಡ್‌ಡಿಸ್ಕಿಗೆ ಬೀಗ ಹಾಕಿಕೊಳ್ಳುತ್ತವೆ. ಯಂತ್ರ ಕೆಟ್ಟು ಒಳಗಿನ ಫೋಟೋಗಳು ಬೇಕೆಂದಾಗ ಕೇಳುವುದು ಇಪ್ಪತ್ತೈದು ಅಕ್ಷರವನ್ನಲ್ಲ, 48 ಅಂಕಿಗಳನ್ನು. ಇದಕ್ಕೆ ಚೀಟಿಯೂ ಇಲ್ಲ. ಲ್ಯಾಪ್‌ಟಾಪ್ ಕೊಂಡ ದಿನ ಅಂಗಡಿಯ ಹುಡುಗ ತೆರೆದುಕೊಟ್ಟ, ಪಾಸ್‌ವರ್ಡ್ ಮರೆತುಹೋದ ಯಾವುದೋ ಖಾತೆಯಲ್ಲಿ ಅದು ಕೂತಿರುತ್ತದೆ. ಓದುಗರು ಇವತ್ತೇ ಆ ಖಾತೆ ತೆರೆದು 48 ಅಂಕಿಗಳನ್ನು ಗ್ಯಾಸ್ ಪುಸ್ತಕದ ಹಿಂಬದಿಯಲ್ಲಿ ಬರೆದಿಡಲಿ. ಹಾಲಿನ ಲೆಕ್ಕವನ್ನು ಬೇರೆ ಕಡೆ ಬರೆಯಲಿ.